ಶಾಲೆಯ ಸೂಜಿ, ಅಕ್ಕನ ಗಡುವು

ಆ ವರ್ಷ ಅಕ್ಕನ ಮನೆಯ ಹೊಸಿಲು ದಾಟುವುದು ಯಾರಿಗೂ ಸುಲಭವಿರಲಿಲ್ಲ, ಒಡಹುಟ್ಟಿದ ತಮ್ಮನಾದ ನನಗೂ. ಹೊನ್ನವಳ್ಳಿ ಕಡೆಯ ಅವಳ ತೋಟದ ಮನೆಗೆ ನಾನು ತಿಪಟೂರಿನಿಂದ ಬೈಕಿನಲ್ಲಿ ಹೋದರೆ ಜಗಲಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ಒಂದು ಚೊಂಬು ನೀರು ಇರುತ್ತಿದ್ದವು. ಕಾಫಿಯೂ ಅಲ್ಲಿಗೇ ಬರುತ್ತಿತ್ತು.

"ಒಳಕ್ಕೆ ಬರಬ್ಯಾಡ ಕಣ್ಲಾ. ಪೇಪರ್ನೋನು ನೀನು, ಊರೆಲ್ಲಾ ತಿರುಗ್ತೀಯ. ಯಾರ ಕೆಮ್ಮು ಹೊತ್ಕೊಂಡು ಬಂದಿದ್ದೀಯೋ" ಎನ್ನುತ್ತಿದ್ದಳು ಅಕ್ಕ.

ಅದಕ್ಕೆ ಕಾರಣ ಒಳಕೋಣೆಯ ತೊಟ್ಟಿಲಲ್ಲಿತ್ತು. ಅಕ್ಕನ ಸೊಸೆಗೆ ಎರಡನೆಯ ಹೆರಿಗೆ ದಿನ ತುಂಬುವ ಮೊದಲೇ ಆಗಿತ್ತು. ಗಂಡುಮಗು ತುಮಕೂರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಸಾಕಷ್ಟು ದಿನ ಇದ್ದು ಮನೆಗೆ ಬಂದಿತ್ತು. ತೂಕ ಎಷ್ಟು ಎಂದು ಕೇಳಿದವರಿಗೆ ಅಕ್ಕ ಕೆಜಿಯಲ್ಲಿ ಹೇಳುತ್ತಿರಲಿಲ್ಲ. "ಸುಲಿದಿರೋ ಮೂರು ಕಾಯಿ ಅಷ್ಟೇ" ಎನ್ನುತ್ತಿದ್ದಳು. ಕಳಿಸಿಕೊಡುವಾಗ ಆಸ್ಪತ್ರೆಯವರು ಒಂದೇ ಮಾತನ್ನು ಎರಡೆರಡು ಸಲ ಹೇಳಿದ್ದರಂತೆ: ಮಗುವಿನ ಶ್ವಾಸಕೋಶ ಇನ್ನೂ ಎಳೆಯದು, ಕೆಮ್ಮು ನೆಗಡಿ ಇರುವವರು ಹತ್ತಿರ ಸುಳಿಯಬಾರದು, ಜ್ವರ ತಗುಲಿದರೆ ಮತ್ತೆ ಪೆಟ್ಟಿಗೆಗೇ ಹೋಗಬೇಕಾಗಬಹುದು.

ಅಕ್ಕ ಆ ಮಾತನ್ನು ಕೇಳಿ ಸುಮ್ಮನಾಗಲಿಲ್ಲ, ಅದನ್ನು ಮನೆಯ ಕಾನೂನು ಮಾಡಿದಳು. ತೊಟ್ಟಿಲು ಶಾಸ್ತ್ರಕ್ಕೆ ಒಬ್ಬ ನೆಂಟರನ್ನೂ ಕರೆಯಲಿಲ್ಲ. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ಕಂದಿಕೆರೆಯಲ್ಲಿರುವ ಅವಳ ನಾದಿನಿ ಫೋನಿನಲ್ಲಿ, "ಏನತ್ತಿಗೆ, ನಿಮ್ಮ ಮೊಮ್ಮಗ ಗಾಜಿನೋನಾ? ನಾವು ನೋಡಿದ್ರೆ ಒಡೆದೋಯ್ತಾನಾ?" ಎಂದು ಚುಚ್ಚಿದಳು.

"ಹೂಂ ಕಣೇ, ಗಾಜಿನೋನೇ. ಗಟ್ಟಿ ಆಗ್ಲಿ, ನಿನ್ನ ತೊಡೆ ಮ್ಯಾಲೇ ತಂದಾಕ್ತೀನಿ. ಆಗ ಹೊತ್ಕೊಂಡು ತಿರುಗು, ನಾನು ಬ್ಯಾಡ ಅನ್ನಲ್ಲ" ಎಂದಳು ಅಕ್ಕ. ಬೇಜಾರು ಮಾಡಿಕೊಂಡವರು ಮಾಡಿಕೊಳ್ಳಲಿ ಎಂದು ಬಿಟ್ಟುಬಿಡುವ ಗಟ್ಟಿತನ ಅವಳಿಗೆ ಮೊದಲಿನಿಂದಲೂ ಇತ್ತು. ಭಾವ ತೀರಿಕೊಂಡ ಮೇಲೆ ತೋಟವನ್ನು ಒಬ್ಬಳೇ ನಿಭಾಯಿಸಿ, ಮಗನನ್ನು ಕೊಬ್ಬರಿ ಮಂಡಿಯ ವ್ಯವಹಾರಕ್ಕೆ ಹಚ್ಚಿದವಳು ಅವಳು.

ಈ ಕಾನೂನಿನಿಂದ ಹೆಚ್ಚು ಕಷ್ಟಪಟ್ಟವಳು, ಹಾಗೆಯೇ ಅದನ್ನು ತಪ್ಪದೆ ಪಾಲಿಸಿದವಳು, ಅಕ್ಕನ ಮೊಮ್ಮಗಳು. ಮಗುವಿನ ಅಕ್ಕ, ಹತ್ತು ವರ್ಷದ ಹುಡುಗಿ. ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಸಂಜೆ ಶಾಲೆ ಬಿಟ್ಟು ಬಂದರೆ ಮೊದಲು ಹಿತ್ತಲ ನಲ್ಲಿಯಲ್ಲಿ ಸೋಪು ಹಾಕಿ ಕೈಕಾಲು ಮುಖ ತೊಳೆಯಬೇಕು. ಯೂನಿಫಾರ್ಮ್ ಬಿಚ್ಚಿ ಮನೆಬಟ್ಟೆ ಹಾಕಬೇಕು. ಅಜ್ಜಿ ಹಣೆ ಮುಟ್ಟಿ ನೋಡಿ, "ಒಂದ್ಸಲ ಕೆಮ್ಮು" ಎಂದು ಪರೀಕ್ಷೆ ಮಾಡಿದ ಮೇಲೆ ಪಾಪು ಅವಳ ಕೈಗೆ. ಆ ಹೊತ್ತಿಗೆ ಸೊಸೆ ಸ್ನಾನಕ್ಕೆ ಹೋಗುತ್ತಿದ್ದಳು. ಹುಡುಗಿ ಗೋಡೆಗೆ ಒರಗಿ ಕುಳಿತು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಗ್ಗಿ ಹೇಳುತ್ತಿದ್ದಳು. ಅವಳಿಗೆ ಜೋಗುಳ ಬರುತ್ತಿರಲಿಲ್ಲ, ಮಗ್ಗಿ ಬರುತ್ತಿತ್ತು. ಎಂಟರ ಮಗ್ಗಿ ಮುಗಿಯುವುದರೊಳಗೆ ಮಗು ನಿದ್ದೆ ಹೋಗುತ್ತಿತ್ತು. ತಾಯಿಯ ಕೈಯಲ್ಲಿ ರಚ್ಚೆ ಹಿಡಿದಾಗಲೂ ಅವಳ ಕೈಗೆ ಬಂದರೆ ತೆಪ್ಪಗಾಗುವುದನ್ನು ನಾನು ಜಗಲಿಯಿಂದ ಕಿಟಕಿಯಲ್ಲಿ ಕಂಡಿದ್ದೇನೆ. ಇಡೀ ದಿನ ಆ ಹುಡುಗಿ ಕಾಯುತ್ತಿದ್ದುದು ಆ ಒಂದು ಹೊತ್ತಿಗಾಗಿ.

ಆ ಶಾಲೆಯಲ್ಲಿ ಹಿಂದಿನ ವರ್ಷ ಮಳೆ ಹಿಡಿದ ಮೇಲೆ ಜ್ವರ ಬಂದು ಬೆಂಚುಗಳು ಖಾಲಿಯಾಗಿದ್ದವು. ನಮ್ಮ ಕಡೆ ಇಂಥ ಜ್ವರಕ್ಕೆ ಹೆಸರಿಡುವ ರೂಢಿಯಿಲ್ಲ. 'ಮೈಕೈ ನೋವಿನ ಜ್ವರ' ಎಂದು ಮೆಣಸಿನ ಸಾರು ಕುಡಿಸಿ ಮಲಗಿಸುತ್ತಾರೆ. ತಿಪಟೂರಿನ ಮಕ್ಕಳ ಡಾಕ್ಟರೊಬ್ಬರು ಅದಕ್ಕೆ ಫ್ಲೂ ಎಂದು ಹೆಸರು ಹೇಳಿದರು. ಅವರು ಕೂಡ ಅದೇ ಶಾಲೆಯಲ್ಲಿ ಓದಿದವರು. ಈ ಸಲ ಮಳೆಗೆ ಮುಂಚೆಯೇ ಶಾಲೆಯ ಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತೇನೆ, ಇದು ಸರ್ಕಾರದ ಯೋಜನೆಯಲ್ಲ, ಮನೆಯವರು ಒಪ್ಪಿದರೆ ಮಾತ್ರ ಎಂದು ಹೆಡ್‌ಮಾಸ್ಟರಿಗೆ ತಿಳಿಸಿದರು. ಅವರ ಜೊತೆಗೆ ನಿಂತವರು ಆ ಭಾಗದ ಆರೋಗ್ಯ ಕೇಂದ್ರದ ಸಿಸ್ಟರ್.

ಈ ಸಿಸ್ಟರ್ ಬಗ್ಗೆ ಎರಡು ಮಾತು ಹೇಳಬೇಕು. ಆ ಸುತ್ತಿನ ಎಳೆಮಕ್ಕಳಿಗೆಲ್ಲ ಚುಚ್ಚುಮದ್ದು ಹಾಕುವವರು ಅವರೇ. ಸ್ಕೂಟರಿನಲ್ಲಿ ತೋಟದ ಮನೆಗಳಿಗೆಲ್ಲ ಹೋಗುತ್ತಾರೆ. ಅಕ್ಕನ ಮನೆಯ ಒಳಕೋಣೆಗೆ ಆ ವರ್ಷ ಪ್ರವೇಶವಿದ್ದ ಒಬ್ಬರೇ ಹೊರಗಿನವರು. ವರದಿಗಾರನಾಗಿ ನಾನು ನೋಡಿದ ಆರೋಗ್ಯ ಕಾರ್ಯಕ್ರಮಗಳಲ್ಲಿ ಬಹುಪಾಲು ಜನರನ್ನು ಒಪ್ಪಿಸಲು ಹೊರಟಂಥವು. ಇವರದು ಬೇರೆ ಕ್ರಮ. ಮುಂದಿಟ್ಟು, ವಿವರ ಹೇಳಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಪೋಷಕರ ಸಭೆಯಲ್ಲಿ ಅದನ್ನು ನಾನು ಕಣ್ಣಾರೆ ಕಂಡೆ. ಹೆಂಗಸರೇ ಹೆಚ್ಚು ಬಂದಿದ್ದರು.

"ಒಂದ್ಸಲ ಹಾಕಿದ್ರೆ ಮುಗೀತಾ?" ಎಂದಳು ಒಬ್ಬ ತಾಯಿ.

"ಇಲ್ಲ ಕಣಮ್ಮ, ವರ್ಷಾ ವರ್ಷ. ಈ ಜ್ವರದ ರೋಗಾಣು ವರ್ಷ ವರ್ಷ ಬದಲಾಗುತ್ತೆ. ಇನ್ನೂ ಒಂದು ಹೇಳ್ಬುಡ್ತೀನಿ. ಇದು ಹಾಕಿದ್ರೆ ಎಲ್ಲಾ ಕೆಮ್ಮು ನೆಗಡಿ ನಿಲ್ಲಲ್ಲ. ಈ ಒಂದು ಜ್ವರ ಜೋರಾಗಿ ಹಿಡಿಯೋದು ಕಮ್ಮಿ ಆಗುತ್ತೆ. ಹಾಕಿದ ದಿನ ತೋಳು ನೋಯ್ಬೋದು, ಮೈ ಬೆಚ್ಚಗಾಗ್ಬೋದು."

"ನಾನು ಕೊರೋನಾ ಸೂಜಿ ಹಾಕಿಸ್ಕೊಂಡು ಮೂರು ದಿನ ಎದ್ದಿರ್ಲಿಲ್ಲ" ಎಂದ ಹಿಂದಿನ ಬೆಂಚಿನ ಒಬ್ಬ ತಂದೆ.

"ಒಂದಿನ ಕಣ್ರೀ" ಎಂದಳು ಪಕ್ಕದಲ್ಲಿದ್ದ ಅವನ ಹೆಂಡತಿ. "ಮಿಕ್ಕಿದ ಎರಡು ದಿನ ನಮ್ಮನೆ ಕಾಯಿ ಕೀಳಿಸೋ ಕೆಲಸ ಇತ್ತಲ್ಲ, ಅದಕ್ಕೆ ಮಲಗಿದ್ರಿ."

ನಗು ಅಡಗಿದ ಮೇಲೆ ಸಿಸ್ಟರ್ ಮುಂದುವರಿಸಿದರು. "ಬ್ಯಾಡ ಅಂದೋರಿಗೆ ಬ್ಯಾಡ. ಹಾಕಿಸ್ಕೊಳ್ಳದೆ ಇರೋ ಮಕ್ಕಳನ್ನ ಯಾರೂ ಏನೂ ಅನ್ನಂಗಿಲ್ಲ. ಮೇಷ್ಟ್ರೂ ಸೇರಿ." ಹೆಡ್‌ಮಾಸ್ಟರು ತಲೆಯಾಡಿಸಿದರು. ಅವರಿಗೆ ಅದು ಅಷ್ಟಾಗಿ ಹಿಡಿಸಿದಂತೆ ಕಾಣಲಿಲ್ಲ.

ಅಕ್ಕ ಮುಂದಿನ ಸಾಲಿನಲ್ಲಿದ್ದಳು. ಮಗ ಮಂಡಿಗೆ ಹೋಗಿದ್ದ, ಸೊಸೆ ಮಗು ಬಿಟ್ಟು ಬರುವಂತಿರಲಿಲ್ಲ. "ನಮ್ಮ ಪಾಪುಗೂ ಇದನ್ನೇ ಹಾಕಿದ್ರೆ ಆಯ್ತಲ್ಲ ತಾಯಿ?" ಎಂದು ಕೇಳಿದಳು.

"ಆರು ತಿಂಗಳು ತುಂಬೋ ತನಕ ಹಾಕಂಗಿಲ್ಲಮ್ಮ. ಅದಕ್ಕೇ ಮನೇಲಿ ಕೂಸಿರೋರು ದೊಡ್ಡ ಮಕ್ಕಳಿಗೆ ಹಾಕಿಸಿದ್ರೆ ಒಳ್ಳೇದು. ಜ್ವರ ಮನೆಗೆ ಬರೋದೇ ಶಾಲೆಯಿಂದ."

ಅಕ್ಕ ಎದ್ದು ಹೋಗಿ ಎಲ್ಲರಿಗಿಂತ ಮೊದಲು ಸಹಿ ಹಾಕಿದಳು. ಅವಳ ಒಪ್ಪಿಗೆಯ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಲಸಿಕೆ ಹಾಕುವ ದಿನ ಒಂದು ಫೋಟೊ ತೆಗೆದುಕೊಳ್ಳಲೆಂದು ನಾನೂ ಶಾಲೆಗೆ ಹೋಗಿದ್ದೆ. ಐದನೇ ಕ್ಲಾಸಿನ ಕೋಣೆಯಲ್ಲಿ ಮೇಜು ಹಾಕಿದ್ದರು. ಮಂಜಿನ ಪ್ಯಾಕು ಇಟ್ಟ ನೀಲಿ ಡಬ್ಬದಲ್ಲಿ ಲಸಿಕೆ ಇತ್ತು. ಡಾಕ್ಟರು ಒಬ್ಬೊಬ್ಬರ ಜ್ವರ ನೋಡಿ, ಈ ಮೊದಲು ಸೂಜಿಯಿಂದ ಮೈಗೆ ಆಗದೆ ಇದ್ದದ್ದು ಉಂಟೇ ಎಂದು ಕೇಳಿ ಕಳಿಸುತ್ತಿದ್ದರು. ಸಿಸ್ಟರ್ ಸೂಜಿ ಹಾಕುತ್ತಿದ್ದರು. ಹಾಕಿಸಿಕೊಂಡವರು ಹೊರಗೆ ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ಕೂರಬೇಕಿತ್ತು. ಅಲ್ಲಿ ಕುಳಿತವರು ಸಾಲಿನಲ್ಲಿ ನಿಂತವರಿಗೆ ವರದಿ ಒಪ್ಪಿಸುತ್ತಿದ್ದರು.

"ಏನೂ ಆಗಲ್ಲ ಕಣ್ಲಾ, ಸೊಳ್ಳೆ ಕಚ್ಚಿದಂಗೆ ಅಷ್ಟೆ."

"ಅಂಗಾದ್ರೆ ನೀನ್ಯಾಕ್ಲಾ ಅತ್ತಿದ್ದು?"

"ದೊಡ್ಡ ಸೊಳ್ಳೆ ಲೇ."

ನಮ್ಮ ಹುಡುಗಿಯ ಸರದಿ ಬಂತು. ಅವಳು ಮೇಜಿನ ತನಕ ಬಂದು ನಿಂತಳು. ಅಂಗಿಯ ತೋಳು ಮಡಿಸು ಎಂದಾಗ ಒಂದು ಹೆಜ್ಜೆ ಹಿಂದಕ್ಕೆ ಸರಿದು, "ನಂಗೆ ಬ್ಯಾಡ" ಎಂದಳು.

ಹೆದರಿಕೆಯ ಮುಖವಲ್ಲ ಅದು. ಅವಳು ಅಳಲಿಲ್ಲ, ಬಾಗಿಲ ಕಡೆ ನೋಡಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದಳು.

"ಏನಮ್ಮ, ನಿಮ್ಮಜ್ಜಿ ಊರಿಗಿಂತ ಮೊದಲು ಸೈನ್ ಹಾಕವ್ರೆ" ಎಂದರು ಹೆಡ್‌ಮಾಸ್ಟರು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ಮನೆಯೋರ ಒಪ್ಪಿಗೆ ಐತಲ್ಲ ಮೇಡಂ. ನಾನು ಕೈ ಹಿಡ್ಕೋತೀನಿ, ನೀವು ಹಾಕ್ಬುಡಿ. ಒಂದ್ನಿಮಿಷದ ಕೆಲಸ" ಎಂದರು. ಅವರು ಕೆಟ್ಟವರಲ್ಲ, ಸಾಲು ಉದ್ದವಿತ್ತು.

"ಕೈ ಹಿಡ್ಕೊಂಡು ಹಾಕಲ್ಲ ಸಾರ್. ಅವಳು ಬ್ಯಾಡ ಅಂದಳಲ್ಲ" ಎಂದರು ಸಿಸ್ಟರ್, ದನಿ ಏರಿಸದೆ. ಹುಡುಗಿಗೆ, "ಪಕ್ಕದಲ್ಲಿ ಕೂತ್ಕೋ ಪುಟ್ಟ. ಯಾಕೆ ಬ್ಯಾಡ ಅಂತ ಹೇಳ್ಬೇಕು ಅನ್ಸಿದ್ರೆ ಹೇಳು. ಇಲ್ಲಾಂದ್ರೂ ಸರಿ" ಎಂದು ಮುಂದಿನ ಮಗುವನ್ನು ಕರೆದರು.

ಹುಡುಗಿ ಅವರಿಗೆ ಹೇಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತು ಕಿಟಕಿಯ ಸರಳನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಮೇಲೆ ನನಗೆ ಮಾತ್ರ ಕೇಳುವಂತೆ, "ತಾತ, ಹಾಕಿಸ್ಕೊಂಡ್ರೆ ಒಂದೂವರೆ ತಿಂಗಳು ಪಾಪುನ ಮುಟ್ಟಂಗಿಲ್ಲ" ಎಂದಳು.

"ಯಾರು ಹೇಳಿದ್ದು?"

"ಅಜ್ಜಿ. ಮರಕ್ಕೆ ಔಷಧಿ ಕಟ್ತಾರಲ್ಲ, ಅಂಗೇ ಅಂತೆ. ನಂಗೂ ಸುಣ್ಣ ಬಳೀತೀಯಾ ಅಂತ ಕೇಳ್ದೆ. ಬೈದ್ಳು."

ನನಗೆ ಒಂದೇ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಅರ್ಥವಾಗುತ್ತದೆ. ತೋಟಕ್ಕೆ ಕಪ್ಪು ತಲೆ ಹುಳು ಬಿದ್ದು ಗರಿಗಳು ಬೆಂಕಿ ತಾಕಿದಂತೆ ಒಣಗತೊಡಗಿದರೆ, ಅಷ್ಟೆತ್ತರದ ಮರಕ್ಕೆ ಔಷಧಿ ಸಿಂಪಡಿಸುವುದು ಕಷ್ಟ. ಬುಡ ಕೆದಕಿ, ಪೆನ್ಸಿಲ್ ದಪ್ಪದ ಒಂದು ಎಳೆಯ ಬೇರನ್ನು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ದಾರ ಕಟ್ಟುತ್ತಾರೆ. ಮರ ಅದನ್ನು ಹೀರಿಕೊಳ್ಳುತ್ತದೆ. ಔಷಧಿ ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ಗರಿಗೆ, ಕಾಯಿಗೂ ಏರುತ್ತದೆ. ಆದ್ದರಿಂದ ಕಟ್ಟುವ ಮೊದಲು ಕಾಯಿ, ಎಳನೀರು ಎಲ್ಲವನ್ನೂ ಇಳಿಸಿಬಿಡಬೇಕು. ಕಟ್ಟಿದ ಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ ಮುಟ್ಟುವಂತಿಲ್ಲ. ದಾರಿಹೋಕರು ತಿಳಿಯದೆ ಎಳನೀರು ಇಳಿಸಿ ಕುಡಿದಾರೆಂದು ಅಕ್ಕ ಅಂಥ ಮರಗಳಿಗೆ ಸುಣ್ಣದ ಪಟ್ಟೆ ಬಳಿಯುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಅವಳ ಅರ್ಧ ತೋಟಕ್ಕೆ ಪಟ್ಟೆ ಬಿದ್ದಿತ್ತು. ಗಡುವಿನ ಲೆಕ್ಕ ಅವಳಲ್ಲಿ ಎಂದೂ ತಪ್ಪಿದ್ದಿಲ್ಲ.

ಅದೇ ಲೆಕ್ಕವನ್ನು ಮೊಮ್ಮಗಳಿಗೂ ಹಾಕಿದ್ದಳು. ಮೈಗೆ ಔಷಧಿ ಏರುತ್ತದೆ, ಏರಿದ್ದು ಇಳಿಯುವ ತನಕ ಎಳೆಗೂಸಿನಿಂದ ದೂರ ಇರಬೇಕು. ಸಭೆಯಲ್ಲಿ ಅದನ್ನು ಕೇಳಲೂ ಇಲ್ಲ, ಅವಳಿಗೆ ಅದು ಕೇಳಿ ತಿಳಿಯಬೇಕಾದ ವಿಷಯವೇ ಆಗಿರಲಿಲ್ಲ. ಮಗುವನ್ನು ಕಾಪಾಡಬೇಕೆಂದೇ ಸಹಿ ಹಾಕಿದ್ದಳು, ಮಗುವನ್ನು ಕಾಪಾಡಬೇಕೆಂದೇ ಗಡುವು ಇಟ್ಟಿದ್ದಳು. ಹುಡುಗಿಯ ಮುಂದೆ ಉಳಿದದ್ದು ಎರಡೇ ದಾರಿ: ಸೂಜಿ ಹಾಕಿಸಿಕೊಂಡು ತಮ್ಮನನ್ನು ಬಿಡುವುದು, ಇಲ್ಲವೇ ತಮ್ಮನಿಗಾಗಿ ಸೂಜಿ ಬಿಡುವುದು. ಎರಡನೆಯದನ್ನು ಹಿಡಿದರೆ ಆ ಮಳೆಗಾಲವೆಲ್ಲ ಶಾಲೆಯ ಜ್ವರ ಅವಳ ಜೊತೆಗೇ ಮನೆಗೆ ನಡೆದು ಬರಬಹುದಿತ್ತು.

ಸಿಸ್ಟರಿಗೆ ಹೇಳಿದೆ. ಅವರು ನಗಲಿಲ್ಲ. ನಾನು ಅವರನ್ನು ಮೆಚ್ಚಿದ ಕಾರಣಗಳಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ. ಆ ಕೋಣೆಯಲ್ಲಿ ಬೇರೆ ಯಾರಾದರೂ ನಗುತ್ತಿದ್ದರು, ಆ ನಗು ಸಂಜೆಯೊಳಗೆ ಊರೆಲ್ಲ ಸುತ್ತಿ ಅಕ್ಕನ ಕಿವಿಗೆ ಬೀಳುತ್ತಿತ್ತು. "ಊಟದ ಬೆಲ್ ಆಗ್ಲಿ, ಹೋಗಿ ಬರೋಣ" ಎಂದಷ್ಟೇ ಹೇಳಿ ಸೂಜಿಯ ಕೆಲಸಕ್ಕೆ ತಿರುಗಿದರು.

ಅಕ್ಕ ತೋಟದಲ್ಲಿದ್ದಳು. ಅಟ್ಟದಿಂದ ಇಳಿಸಿದ ಹಳೆ ಕಾಯಿಯ ರಾಶಿಯ ಮುಂದೆ ಕುಳಿತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು. ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಲೊಟ ಎಂದರೆ ಸುಲಿಯುವವರ ಕಡೆ, ಇಲ್ಲವಾದರೆ ಮತ್ತೆ ಅಟ್ಟಕ್ಕೆ. ಸ್ಕೂಟರ್ ಕಂಡು ಗಾಬರಿಯಿಂದ ಎದ್ದಳು.

"ಏನಾಯ್ತವ್ವ? ಮಗೀಗೆ ಏನಾಯ್ತು?"

"ಏನೂ ಆಗಿಲ್ಲಮ್ಮ. ಸೂಜಿ ಬ್ಯಾಡ ಅಂದ್ಲು, ಹಾಕಿಲ್ಲ" ಎಂದು ಸಿಸ್ಟರ್ ಸುಲಿದ ಮಟ್ಟೆಯ ರಾಶಿಯ ಪಕ್ಕ ನೆಲದ ಮೇಲೇ ಕುಳಿತರು. "ಒಂದೂವರೆ ತಿಂಗಳು ಪಾಪುನ ಮುಟ್ಟಂಗಿಲ್ಲ ಅಂದ್ರಂತೆ."

"ಹೂಂ ಅಂದೆ. ತಪ್ಪಾ?" ಎಂದಳು ಅಕ್ಕ. ದನಿ ಬಿಗಿಯಾಗಿತ್ತು.

"ಮರದ ವಿಷಯದಲ್ಲಿ ತಪ್ಪಿಲ್ಲ. ಅಲ್ಲಿ ನೀವು ಹೇಳಿದ್ದೇ ಸರಿ. ಯಾಕೆ ಬುಡ್ತೀರಾ ಅಷ್ಟು ದಿನ?"

"ಇದೇನು ಕೇಳ್ತೀಯ, ನೀನೂ ತೋಟದೋರ ಮನೆ ಹುಡುಗಿ ಅಲ್ವಾ. ಅದು ವಿಷ. ಎಳನೀರಿಗೆ ಇಳಿದಿರುತ್ತೆ. ಕುಡಿದೋರ ಹೊಟ್ಟೆಗೆ ಹೋಯ್ತದೆ."

"ಇದು ವಿಷ ಅಲ್ಲಮ್ಮ. ಆ ಜ್ವರದ ರೋಗಾಣುನೇ ಸಾಯಿಸಿ, ಅದರ ಚೂರು ಹಾಕೋದು. ತೋಳಲ್ಲೇ ಕರಗೋಗುತ್ತೆ. ಅವಳ ಉಸಿರಿಂದಾಗ್ಲಿ ಕೈಯಿಂದಾಗ್ಲಿ ಪಾಪುಗೆ ಏನೂ ಹೋಗಲ್ಲ. ಅದನ್ನ ನೋಡಿ ಮೈ ಕಲ್ಕೊಳ್ಳುತ್ತೆ ಅಷ್ಟೆ. ಕಲಿಯೋಕೆ ಎರಡು ವಾರ ಬೇಕು. ಕಾಯೋದು ಅಂದ್ರೆ ಅದಕ್ಕೆ ಕಾಯ್ಬೇಕು, ಅಲ್ಲಿವರ್ಗೂ ಮುಂಚಿನ ಹಂಗೇ ಹುಷಾರಾಗಿರ್ಬೇಕು."

"ಸತ್ತಿದ್ದೇ ಅಂತ ಹೆಂಗೆ ಗೊತ್ತು? ನೀನು ನೋಡಿದ್ದೀಯಾ?"

"ನೋಡಿಲ್ಲ" ಎಂದರು ಸಿಸ್ಟರ್. "ನೋಡಿದ್ದೀನಿ ಅಂತ ಸುಳ್ಳು ಹೇಳಲ್ಲ. ಓದಿದ್ದೀನಿ. ನಾನೂ ಹಾಕಿಸ್ಕೊಂಡಿದ್ದೀನಿ."

"ಯಾವಾಗ?"

ಮುಂದಿನ ಮಾತು ಯಾವ ಕಡೆ ಹೋಗುತ್ತದೆಂದು ಸಿಸ್ಟರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. "ಈ ತಿಂಗಳೇ. ಹೋದ ವಾರ ಪಾಪುನ ಎತ್ಕೊಂಡು ಸೂಜಿ ಹಾಕಿದ್ನಲ್ಲ, ಅದಕ್ಕೆ ಮುಂಚೆ."

ಅಕ್ಕನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ನಿಂತಿತು. ಸುಲಿಯುತ್ತಿದ್ದ ಆಳುಗಳೂ ತಿರುಗಿ ನೋಡಿದರು. ಯಾರಿಗಾಗಿ ನೆಂಟರ ಮುಖ ಮುರಿದಿದ್ದಳೋ ಆ ಮಗುವನ್ನು, ತನ್ನ ಲೆಕ್ಕದ ಪ್ರಕಾರ ಮುಟ್ಟಬಾರದವರು ಮುಟ್ಟಿದ್ದರು. ಅವಳು ಸಿಟ್ಟಾದರೆ ಹೇಗಿರುತ್ತಾಳೆಂದು ಬಲ್ಲವನು ನಾನು. ಅಕ್ಕ ಕಾಯಿ ಕೆಳಗಿಟ್ಟು ಮನೆಯ ಕಡೆ ನಡೆದಳು. ನಲ್ಲಿಯಲ್ಲಿ ಕೈಕಾಲು ತೊಳೆದು ಒಳಗೆ ಹೋದಳು.

ಸಿಸ್ಟರ್ ಎದ್ದು ಹಿಂದೆ ಹೋಗಲಿಲ್ಲ, ಸಮಜಾಯಿಷಿ ಹೇಳಲಿಲ್ಲ. ಕುಳಿತಲ್ಲೇ ಕುಳಿತಿದ್ದರು. ಆ ಪ್ರಶ್ನೆಯನ್ನು ಅವರು ಸುಲಭವಾಗಿ ಹಾರಿಸಬಹುದಿತ್ತು, ಹಿಂದಿನ ವರ್ಷ ಎಂದಿದ್ದರೆ ಮುಗಿಯುತ್ತಿತ್ತು.

ಅಕ್ಕ ಹೊರಬಂದಾಗ ಮುಖ ಸಡಿಲವಾಗಿತ್ತು.

"ಮಲಗವ್ನೆ" ಎಂದಳು. ಮತ್ತೆ ಬಂದು ರಾಶಿಯ ಮುಂದೆ ಕುಳಿತಳು. "ವಾರ ಆಯ್ತು ನೀನು ಮುಟ್ಟಿ. ಹಾಲು ಕುಡೀತಾ ಅವ್ನೆ. ಚೆನ್ನಾಗವ್ನೆ." ಒಂದು ಕಾಯಿ ಎತ್ತಿ ಅಲ್ಲಾಡಿಸಿ, "ಮೈ ಕಲ್ಕೊಳ್ಳುತ್ತೆ ಅಂದ್ಯಲ್ಲ. ಮರ ಏನೂ ಕಲಿಯಲ್ಲ ನೋಡು. ಕಲ್ತಿದ್ರೆ ಮತ್ತೆ ಮತ್ತೆ ಔಷಧಿ ಯಾಕೆ ಕಟ್ಬೇಕಿತ್ತು" ಎಂದಳು. ಕೂಡಲೇ ತಾನೇ ತಲೆಯೆತ್ತಿ, "ಇದನ್ನೂ ವರ್ಷಾ ವರ್ಷ ಹಾಕ್ಬೇಕು ಅಂದ್ಯಲ್ಲವ್ವ. ಅಂಗಾದ್ರೆ ಮೈಯೂ ದಡ್ಡನೇ" ಎಂದಳು.

ಸಿಸ್ಟರ್ ಆಗ ನಕ್ಕರು. "ದಡ್ಡ ಅಲ್ಲಮ್ಮ, ಪಾಠ ಬದಲಾಗುತ್ತೆ. ಪೂರ್ತಿ ಹೇಳೋಕೆ ಹೋದ್ರೆ ಊಟದ ಹೊತ್ತೇ ಮುಗಿದೋಗುತ್ತೆ." ಆಮೇಲೆ ಸೀರೆಗೆ ಅಂಟಿದ ನಾರು ಕೊಡವಿಕೊಂಡು ಎದ್ದರು. "ನೀವು ಬ್ಯಾಡ ಅಂದ್ರೂ ಸರಿ. ಹಾಕಿಸಿ ದೂರ ಇಡ್ತೀನಿ ಅಂದ್ರೂ ಅದು ನಿಮ್ಮನೆ ವಿಷಯ. ಆದ್ರೆ ಅವಳು ಬ್ಯಾಡ ಅಂತಿರೋ ತನಕ ನಾನು ಹಾಕಲ್ಲ."

"ನಂಗೆ ಹೇಳ್ಬೋದಿತ್ತು ಅವಳು" ಎಂದಳು ಅಕ್ಕ.

"ಹೇಳಿದ್ರೆ ನೀನು ಕೇಳ್ತಿದ್ದೆಯಾ?" ಎಂದೆ ನಾನು. ಆ ಹೊತ್ತಿನಲ್ಲಿ ನಾನು ಆಡಿದ ಮಾತು ಅದೊಂದೇ.

"ನೀನು ಸುಮ್ನಿರ್ಲಾ" ಎಂದಳು. ಅವಳ ಯೋಚನೆ ಅಷ್ಟರಲ್ಲಿ ಬೇರೆ ಕಡೆ ಹೊರಟಿತ್ತು. "ಅಲ್ಲ ಕಣವ್ವ, ನಮ್ಮ ತೋಟಕ್ಕೆ ಔಷಧಿ ಕಟ್ಟಿ ಪಕ್ಕದ ತೋಟದೋರು ಸುಮ್ನಿದ್ರೆ ಹುಳ ಬೇಲಿ ದಾಟಿ ಬತ್ತದೆ. ಅವಳೊಬ್ಳಿಗೆ ಹಾಕಿ ನಾವು ಮೂರು ಜನ ಸುಮ್ನೆ ಇದ್ರೆ? ಮಗ ಮಂಡೀಲಿ ನೂರು ಜನದ ಮಧ್ಯೆ ಇರ್ತಾನೆ. ಪಾಪುನ ಜಾಸ್ತಿ ಎತ್ಕೊಳ್ಳೋದು ನಾನು. ನಂಗೇ ಜ್ವರ ಬಂದ್ರೆ?"

ಆರೋಗ್ಯ ಇಲಾಖೆಯ ಭಾಷಣಗಳನ್ನು ನಾನು ಬೇಕಾದಷ್ಟು ಬರೆದುಕೊಂಡಿದ್ದೇನೆ. ಇದಕ್ಕಿಂತ ನೇರವಾದ ಮಾತನ್ನು ಯಾವ ವೇದಿಕೆಯಲ್ಲೂ ಕೇಳಿಲ್ಲ. ತೋಟದ ಯಾವ ತಿಳಿವಳಿಕೆ ಅವಳನ್ನು ದಾರಿ ತಪ್ಪಿಸಿತ್ತೋ ಅದೇ ತಿಳಿವಳಿಕೆ ಸರಿದಾರಿಗೂ ತಂದಿತ್ತು. ಸಿಸ್ಟರ್, "ಅದು ಸರಿಯಾದ ಪ್ರಶ್ನೆ. ಶಾಲೆಗೆ ತಂದಿರೋದು ಮಕ್ಕಳಿಗೆ. ದೊಡ್ಡೋರು ತಿಪಟೂರಿಗೆ ಹೋಗಿ ಹಾಕಿಸ್ಕೊಳ್ಬೋದು. ಹಾಲು ಕುಡಿಸೋ ತಾಯಿಗೂ ತೊಂದರೆ ಇಲ್ಲ" ಎಂದರು.

ಅಕ್ಕ ಆಳುಗಳಿಗೆ, "ಲೊಟಲೊಟ ಅನ್ನದೆ ಇರೋದನ್ನ ಸುಲಿದ್ರೆ ನೋಡಿ ಮತ್ತೆ" ಎಂದು ಎಚ್ಚರಿಸಿ, ಸೆರಗು ಕೊಡವಿ, ಸಿಸ್ಟರ್ ಸ್ಕೂಟರಿನ ಹಿಂದೆ ಹತ್ತಿ ಕುಳಿತಳು. ಹತ್ತಿ ಅಭ್ಯಾಸವಿರಲಿಲ್ಲ. ದಾರಿಯುದ್ದಕ್ಕೂ, "ಮೆಲ್ಲಗೆ ತಾಯಿ, ನಂಗೂ ಮೊಮ್ಮಕ್ಕಳು ಅವ್ರೆ" ಎನ್ನುತ್ತಿದ್ದುದು ಹಿಂದೆ ಬೈಕಿನಲ್ಲಿದ್ದ ನನಗೂ ಕೇಳುತ್ತಿತ್ತು.

ಶಾಲೆಯಲ್ಲಿ ಮಕ್ಕಳು ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದರು. ಹುಡುಗಿ ಅಜ್ಜಿಯನ್ನು ಕಂಡು ತಟ್ಟೆ ಹಿಡಿದು ಹಾಗೇ ನಿಂತಳು. ಅಕ್ಕ ಅವಳನ್ನು ಪಕ್ಕಕ್ಕೆ ಕರೆದೊಯ್ಯಲಿಲ್ಲ. ಇತರ ಮಕ್ಕಳ ಎದುರಿಗೇ ಹೇಳಿದಳು.

"ನಾನು ಮರದ ಲೆಕ್ಕ ಹಾಕಿದ್ದೆ ಕಣೇ. ತಪ್ಪು ಲೆಕ್ಕ. ಪಾಪುನ ಎತ್ಕೋಬೋದಂತೆ."

"ಇವತ್ತೇ?"

"ಇವತ್ತೇ."

"ಹಾಕಿಸ್ಕೊಂಡ ಮೇಲೂ?"

"ಹಾಕಿಸ್ಕೊಂಡ ಮೇಲೂ. ಸಿಸ್ಟರ್ ನಮ್ಮ ಮುಂದೆ ಎಲ್ಲಾ ಹೇಳವ್ರೆ, ನಾನೂ ಎಲ್ಲಾ ಕೇಳೀನಿ. ಆಮೇಲೂ ನಿಂಗೆ ಬ್ಯಾಡ ಅಂದ್ರೆ ಬ್ಯಾಡ."

ಹುಡುಗಿ ಸಿಸ್ಟರ್ ಮುಖ ನೋಡಿದಳು, ನನ್ನ ಮುಖ ನೋಡಿದಳು. ತಟ್ಟೆಯನ್ನು ಅಜ್ಜಿಯ ಕೈಗೆ ಕೊಟ್ಟು ಕೋಣೆಯೊಳಗೆ ಹೋದಳು. ಡಾಕ್ಟರು ಜ್ವರ ನೋಡಿದರು. ಮೇಜಿನ ಹತ್ತಿರ ಸಿಸ್ಟರ್ ಎಡತೋಳಿಗೆ ಹತ್ತಿ ಒರೆಸಲು ಹೊರಟಾಗ ಕೈ ಹಿಂದಕ್ಕೆಳೆದುಕೊಂಡಳು. ಹೆಡ್‌ಮಾಸ್ಟರು ನಿಟ್ಟುಸಿರು ಬಿಟ್ಟರು.

"ಈ ಕೈ ಬ್ಯಾಡ. ಪಾಪು ತಲೆ ಬರೋದು ಇದೇ ಕೈ ಮ್ಯಾಲೆ" ಎಂದು ಬಲತೋಳು ಮುಂದೆ ಮಾಡಿದಳು.

ಮುಂದೇನಾಯಿತು ಎಂದು ಕೇಳುವವರಿಗೆ ನಾನು ಹೇಳಬಹುದಾದದ್ದು ಇಷ್ಟು. ಆ ಮಳೆಗಾಲದಲ್ಲೂ ಶಾಲೆಯಲ್ಲಿ ಕೆಮ್ಮು ನೆಗಡಿ ಇದ್ದೇ ಇತ್ತು. ಅಕ್ಕನ ಮನೆಯ ಮಗು ಮತ್ತೆ ಆಸ್ಪತ್ರೆ ಸೇರಲಿಲ್ಲ. ಅದು ಸೂಜಿಯಿಂದಲೋ, ಸೋಪಿನಿಂದಲೋ, ಜಗಲಿಯ ಕುರ್ಚಿಯಿಂದಲೋ ಎಂದು ಬಿಡಿಸಿ ಹೇಳುವ ಆಧಾರ ನನ್ನಲ್ಲಿಲ್ಲ. ಪತ್ರಿಕೆಗೆ ನಾನು ಕಳಿಸಿದ್ದು ನಾಲ್ಕು ಸಾಲಿನ ಸುದ್ದಿ. ಲಸಿಕೆ ಹಾಕಿದರು, ಬೇಡವೆಂದ ಮನೆಗಳ ಮಕ್ಕಳಿಗೆ ಹಾಕಲಿಲ್ಲ ಎಂದು ಬರೆದಿದ್ದೆ. ಎರಡನೆಯ ವಾಕ್ಯವನ್ನು ಡೆಸ್ಕಿನವರು ತೆಗೆದುಹಾಕಿದರು. ನನ್ನ ಮಟ್ಟಿಗೆ ಸುದ್ದಿ ಇದ್ದದ್ದು ಅದರಲ್ಲೇ.

ಆ ಸಂಜೆ ನಾನು ಎಂದಿನಂತೆ ಜಗಲಿಯ ಕುರ್ಚಿಯಲ್ಲಿದ್ದೆ. ಹುಡುಗಿ ಬಂದು ನಲ್ಲಿಯಲ್ಲಿ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಒಳಕೋಣೆಯ ಬಾಗಿಲಲ್ಲಿ ನಿಂತಳು. ಅಕ್ಕ ಹಣೆ ಮುಟ್ಟಿ ನೋಡಲು ಕೈ ಎತ್ತಿದವಳು ತಡೆದು ನಿಂತಳು. ಹಗಲೆಲ್ಲ ಮಟ್ಟೆಯ ದೂಳಿನಲ್ಲಿ ಕೂತಿದ್ದಕ್ಕೋ ಏನೋ, ಅವಳಿಗೇ ಎರಡು ಸಲ ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊಸಿಲಿನಿಂದ ಹಿಂದೆ ಸರಿದಳು. ಒಳಗೆ ಮಗು ಎದ್ದು ಅಳತೊಡಗಿತು. ಸೊಸೆ ಮಗುವನ್ನೆತ್ತಿಕೊಂಡು ಬಂದು, ಎಂದಿನಂತೆ ಅತ್ತೆಯ ಕಡೆ ಚಾಚಿದಳು.

"ನಂಗೆ ಬ್ಯಾಡ, ಅವಳಿಗೆ ಕೊಡು" ಎಂದಳು ಅಕ್ಕ. "ನಾಳೆ ತಿಪಟೂರಿಗೆ ಹೋಗಿ ಡಾಕ್ಟ್ರಿಗೆ ಈ ಕೆಮ್ಮು ತೋರಿಸ್ತೀನಿ, ಹಾಕ್ಬೋದು ಅಂದ್ರೆ ಸೂಜೀನೂ ಹಾಕಿಸ್ಕೊಂಡು ಬತ್ತೀನಿ. ಅಲ್ಲೀ ತಂಕ ನಾನು ದೂರ."

ಹುಡುಗಿ ಗೋಡೆಗೆ ಒರಗಿ ಕುಳಿತು ಎಡತೋಳನ್ನು ಸರಿಮಾಡಿಕೊಂಡಳು. ಅಕ್ಕ ಜಗಲಿಗೆ ಬಂದು, ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತಳು. ಒಳಗೆ ಎರಡರ ಮಗ್ಗಿ ಶುರುವಾಯಿತು.